ಒಗೆಯುವ ಕಲ್ಲಿನ ಹತ್ತಿರದ ಅಂಗಡಿ

ನನಗಾಗ ಅರುವತ್ತೆಂಟು ವರ್ಷ. ಅದು ಕಳೆದು ಈಗ ನಾಲ್ಕು ವರ್ಷವಾಯಿತು. ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಸೊಸೆ ಅಂಗಡಿ ಇಟ್ಟಿದ್ದಳು. ಹಲಸಿನ ಹಪ್ಪಳ, ಮಾವಿನ ರಸ ಒಣಗಿಸಿದ ಮಾಂಬಳ, ಉಪ್ಪಿನಕಾಯಿ. ಮನೆಯಲ್ಲಿ ಹಪ್ಪಳ ಒತ್ತುವವಳು ನಾನು, ಅಂಗಡಿಯಲ್ಲಿ ನೊಣ ಓಡಿಸುವವಳು ಅವಳು.

ಇಲ್ಲಿಯವರು ಹಪ್ಪಳಕ್ಕೆ ದುಡ್ಡು ಕೊಡುವುದಿಲ್ಲ. ಎಲ್ಲರ ಮನೆಯ ಡಬ್ಬಿಯಲ್ಲೂ ಅದು ಉಂಟು. ತೆಗೆದುಕೊಳ್ಳುವವರೆಂದರೆ ಘಟ್ಟದ ಮೇಲಿನವರು, ಸುಬ್ರಹ್ಮಣ್ಯಕ್ಕೆ ಹೋಗುವವರು. ಅವರ ಕಾರುಗಳು ಅಂಗಡಿಯ ಮುಂದೆ ಗಾಳಿಯ ಹಾಗೆ ಹೋಗುತ್ತಿದ್ದವು. ಸೊಸೆ ದೊಡ್ಡ ಬೋರ್ಡು ಬರೆಸಿದ್ದಳು. ಶುದ್ಧ, ರುಚಿಕರ, ಸಾಂಪ್ರದಾಯಿಕ ಎಂದೆಲ್ಲ ಹತ್ತಾರು ಮಾತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅದನ್ನು ಓದಿ ಮುಗಿಸುವಷ್ಟರಲ್ಲಿ ಬಸ್ಸು ಸುಬ್ರಹ್ಮಣ್ಯ ಮುಟ್ಟುತ್ತದೆ ಎಂದೆ. ಅವಳಿಗೆ ಸಿಟ್ಟು ಬಂತು.

ಬೇಸಗೆ ರಜೆ ಮುಗಿಯುವುದರೊಳಗೆ ಅಂಗಡಿ ಏಳದಿದ್ದರೆ ಕೋಣೆ ಬಿಟ್ಟು ಪುತ್ತೂರಿನ ಕಡೆ ಗೇರುಬೀಜದ ಫ್ಯಾಕ್ಟರಿಗೆ ಹೋಗುವುದೆಂದು ಅವಳು ನಿಶ್ಚಯ ಮಾಡಿದ್ದಳು. ಕೆಲಸವನ್ನೂ ವಿಚಾರಿಸಿ ಬಂದಿದ್ದಳು. ನನಗದು ಬೇಡವಾಗಿತ್ತು. ಅವಳ ಮೇಲಿನ ಪ್ರೀತಿಯಿಂದ ಎಂದರೆ ಸುಳ್ಳಾಗುತ್ತದೆ. ಅವಳು ಬೆಳಿಗ್ಗೆದ್ದು ಬಸ್ಸು ಹತ್ತಿದರೆ ಅಡಿಗೆ, ದನದ ಹಟ್ಟಿ, ಕೋಳಿ ಎಲ್ಲ ನನ್ನ ತಲೆಗೆ. ಮತ್ತೆ, ಈ ಮುದುಕಿ ಒತ್ತಿದ ಹಪ್ಪಳ ಯಾರಿಗೂ ಬೇಡವಾಯಿತಂತೆ ಎಂದು ನಾಲ್ಕು ಜನ ಆಡಿಕೊಳ್ಳುವುದೂ ನನಗಾಗದು.

ಆಗ ಸುಳ್ಯದಲ್ಲಿ ಹೆಂಗಸರ ಸಂಘದವರಿಗೆ ಒಂದು ತರಬೇತಿ ಇತ್ತು. ಸೊಸೆ ಹೋಗಿ ಕಲಿತು ಬಂದಳು. ಅಂಗಡಿಯನ್ನು ಫೋನಿನ ಮ್ಯಾಪಿಗೆ ಹಾಕಬೇಕು, ಫೋಟೊ ಚಂದ ಇರಬೇಕು, ಬಂದವರು ಬರೆದದ್ದಕ್ಕೆ ಉತ್ತರ ಕೊಡಬೇಕು. ಬುಟ್ಟಿಯಲ್ಲಿ ಹಪ್ಪಳ ಜೋಡಿಸಿ, ಸುತ್ತ ಕೆಂಪು ದಾಸವಾಳ ಇಟ್ಟು ಫೋಟೊ ತೆಗೆದಳು. ಹಪ್ಪಳಕ್ಕೆ ಪೂಜೆಯಾ ಎಂದು ಕೇಳಿದೆ.

ನಮ್ಮಲ್ಲಿ ಫೋನಿಗೆ ರೇಂಜ್ ಸಿಗುವುದು ಒಂದೇ ಕಡೆ, ಅಂಗಳದ ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಅಂಗಡಿಯ ಕೋಣೆಯಲ್ಲಿ ಅದೂ ಇಲ್ಲ. ಮದುವೆಯ ಮಾತುಕತೆಯಾಗಲಿ, ಗ್ಯಾಸಿನ ಬುಕ್ಕಿಂಗ್ ಆಗಲಿ, ನಮ್ಮ ಮನೆಯಲ್ಲಿ ಆಗುವುದು ಆ ಕಲ್ಲಿನ ಮೇಲೆ. ಸೊಸೆಯೂ ಅದರ ಮೇಲೆ ಕೂತು ಎಲ್ಲ ತುಂಬಿಸಿದಳು. ಕೊನೆಗೆ ಫೋನು ಅಂಗಡಿ ಎಲ್ಲಿ ಎಂದು ಕೇಳಿತಂತೆ, ಇವಳು ಏನನ್ನೋ ಒತ್ತಿದಳು. ಮುಗಿಯಿತು ಎಂದು ಎದ್ದಳು.

ಅಂಗಡಿಗೆ ಯಾರೂ ಬರಲಿಲ್ಲ. ಆದರೆ ಒಂದು ದಿನ ನಮ್ಮ ಏರು ದಾರಿಯಲ್ಲಿ ಕಾರು ಬಂತು. ನಾನು ಅಂಗಳದ ತುಂಬ ಚಾಪೆ ಹಾಸಿ ಹಪ್ಪಳ ಒಣಗಿಸುತ್ತಿದ್ದೆ. ಚಾಪೆಯ ಅಂಚಿಗೆ ಬಂದು ನಿಂತ ಕಾರಿನಿಂದ ಗಂಡ, ಹೆಂಡತಿ, ಮಕ್ಕಳು ಇಳಿದರು. ಹಾಸನದ ಕಡೆಯವರು.

"ಅಜ್ಜಿ, ಹಪ್ಪಳದ ಅಂಗಡಿ ಇದೇ ಅಲ್ವಾ? ಮ್ಯಾಪು ಇಲ್ಲೇ ಅಂತ ತೋರಿಸ್ತಿದೆ."

"ಇಲ್ಲಿ ಅಂಗಡಿಯೂ ಇಲ್ಲ, ಎಂತದೂ ಇಲ್ಲ. ಮೊದಲು ಗಾಡಿ ಹಿಂದೆ ತೆಗೀರಿ, ಹಪ್ಪಳಕ್ಕೆ ಧೂಳು ಹಿಡೀತದೆ."

ಗಾಡಿ ಹಿಂದೆ ಹೋಯಿತು. ಆದರೆ ಅಂಗಳಕ್ಕೆ ಬಂದವರನ್ನು ಬೆಲ್ಲ ನೀರು ಕೊಡದೆ ಕಳಿಸುವ ಕ್ರಮ ನಮ್ಮಲ್ಲಿಲ್ಲ, ಅವರು ದಾರಿ ತಪ್ಪಿದವರಾದರೂ ಸರಿ. ತಂದಿಟ್ಟೆ. ಮಕ್ಕಳು ಚಾಪೆಯನ್ನೇ ನೋಡುತ್ತಿದ್ದವು, ಎರಡು ಹಪ್ಪಳ ಕಾಯಿಸಿ ಕೊಟ್ಟೆ. ಚಾಪೆಯ ಮೇಲಿನದ್ದನ್ನೇ ಕೊಡಿ ಎಂದು ಹೆಂಡತಿ ಕೇಳಿದಳು. ಒಣಗದ ಹಪ್ಪಳ ಕೊಂಡುಹೋದರೆ ಬೂಸಲು ಬಂದೀತು, ಆಮೇಲೆ ನನಗೆ ಬೈಯುವುದು ಬೇಡ ಎಂದು ಒಳಗಿನ ಡಬ್ಬಿಯಿಂದ ಕೊಟ್ಟೆ.

ಆಮೇಲೆ ಆಗಾಗ ಕಾರು ಬರತೊಡಗಿತು. ನಾನು ಬೈಯುವುದು, ಅವರು ಗಾಡಿ ಹಿಂದೆ ತೆಗೆಯುವುದು, ಬೆಲ್ಲ ನೀರು, ಡಬ್ಬಿ. ನೆರೆಮನೆಯವರು ತಮಾಷೆಗೆ ಕಳಿಸುತ್ತಿದ್ದಾರೆ ಎಂದು ನನ್ನ ಲೆಕ್ಕ. ಕೊನೆಗೆ ಒಬ್ಬ ಹೆಂಗಸು ಫೋನು ತೋರಿಸಿದಳು. ಅಕ್ಷರ ಓದಲಿಲ್ಲ, ಆದರೆ ದಾಸವಾಳದ ಬುಟ್ಟಿಯ ಗುರುತು ಸಿಕ್ಕಿತು.

ಸಂಜೆ ಸೊಸೆ ಬಂದಾಗ, "ನಿನ್ನ ಫೋನು ಕಂಡ ಕಂಡ ಊರಿನವರನ್ನೆಲ್ಲ ನನ್ನ ಒಗೆಯುವ ಕಲ್ಲಿಗೆ ಕಳಿಸ್ತಾ ಉಂಟು" ಎಂದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕಲ್ಲಿನ ಹತ್ತಿರ ಓಡಿದಳು. ಫೋನು ತೆರೆದು ತಲೆಗೆ ಕೈಯಿಟ್ಟುಕೊಂಡು ಕೂತಳು. ಎಂತ ಬರೆದಿದ್ದಾರೆ, ಓದು ಎಂದೆ.

ಓದಿದಳು. ಅಂಗಡಿ ಇಲ್ಲ, ಮನೆಯ ಅಂಗಳ. ಹಪ್ಪಳ ಕಣ್ಣೆದುರೇ ಒಣಗುತ್ತದೆ. ಬೆಲ್ಲ ನೀರು ಕೊಡುತ್ತಾರೆ. ಅಜ್ಜಿ ಬೈಯುತ್ತಾರೆ, ಕಾರು ಕೆಳಗೇ ನಿಲ್ಲಿಸಿ, ಆದರೆ ಹೋಗದೆ ಇರಬೇಡಿ. ಯಾರೋ ಫೋಟೊ ಕೂಡ ಹಾಕಿದ್ದರು. ಮುಂದೆ ಚಾಪೆ, ಹಿಂದೆ ಹಗ್ಗದ ಮೇಲೆ ನನ್ನ ಹಳೆಯ ಸೀರೆ, ರವಿಕೆ, ಹರಿದ ಲಂಗ.

"ಮರ್ಯಾದೆ ಹೋಯ್ತು ಅತ್ತೆ. ಈಗಲೇ ಜಾಗ ಬದಲಿಸ್ತೇನೆ."

"ಬದಲಿಸಿದರೆ ಎಲ್ಲಿಗೆ ಕಳಿಸುದು? ನೊಣ ಇರುವ ಕೋಣೆಗಾ? ಬರುವವರು ಇಲ್ಲಿಗೇ ಬರ್ತಾರೆ. ಅಂಗಡಿಯನ್ನು ಇಲ್ಲಿಗೆ ತಾ ಮಾರಾಯ್ತಿ."

ಅವಳು ನನ್ನನ್ನೇ ನೋಡಿದಳು. ಊಟದ ಹೊತ್ತಿಗೆ ಜನ ಬಂದರೆ, ಮನೆ ಬೀದಿಯಾದರೆ, ನೀವೇ ನಾಳೆ ಗೊಣಗಿದರೆ ಎಂದೆಲ್ಲ ಕೇಳಿದಳು. ಗೊಣಗುವುದು ಖಂಡಿತ ಎಂದೆ. "ಗೇರುಬೀಜ ಸುಲಿದರೆ ನಿನ್ನ ಕೈ ಕಪ್ಪಾಗುದು. ಇಲ್ಲಿ ನನ್ನ ಬಾಯಿ ನೋಯುದು. ಅಷ್ಟೇ ವ್ಯತ್ಯಾಸ."

ಅವಳಿಗೆ ನಗು ಬಂತು. ಬಹಳ ದಿನಕ್ಕೆ ಬಂದ ನಗು. ಹಾಗಾದರೆ ಬೈಯುವುದು ಬಿಡಬೇಕು ಎಂದಳು. ಅದಾಗುವುದಿಲ್ಲ, ಬರೆದದ್ದು ನೋಡಿ ಅದಕ್ಕೇ ಬರುವವರೂ ಇರಬಹುದು ಎಂದೆ. ಅವಳು ಮತ್ತೆ ಕಲ್ಲಿನ ಮೇಲೆ ಕೂತು, ಬರೆದವರಿಗೆಲ್ಲ ಉತ್ತರ ಕೊಟ್ಟಳು. ಕಾರು ಕೆಳಗೆ ನಿಲ್ಲಿಸಬೇಕು, ಒಣಗಿದ್ದು ಮಾತ್ರ ಸಿಗುತ್ತದೆ, ಮಳೆ ಹಿಡಿದ ಮೇಲೆ ಚಾಪೆ ನೋಡಲಿಕ್ಕೆ ಬರಬೇಡಿ ಎಂದು ನಾನು ಹೇಳಿದ್ದನ್ನೂ ಹಾಕಿದಳು. ಕೋಣೆಯ ಕಪಾಟು ತರಲಿಕ್ಕೆ ನನ್ನ ಮಗನಿಗೆ ಹೇಳಿದಳು. ಫ್ಯಾಕ್ಟರಿಯವರಿಗೆ ಬರುವುದಿಲ್ಲ ಎಂದು ಫೋನು ಮಾಡಿದ್ದೂ ಅಲ್ಲಿಂದಲೇ.

ಮಾರನೆಯ ಬೆಳಿಗ್ಗೆ, ಚಹ ಕುಡಿಯುವ ಮೊದಲೇ, ನಾನು ಬಟ್ಟೆಯ ಹಗ್ಗ ಬಿಚ್ಚಿ ಕೊಂಡುಹೋಗಿ ಹಟ್ಟಿಯ ಹಿಂದೆ ಕಟ್ಟಿದೆ.