ತಾರೀಕಿನ ದಿನದ ಅಂಗಿ

ಬೆಂಗೇರಿಯ ಮನೆಯಲ್ಲಿ ನಾನು ಈಗಲೂ ಐದಕ್ಕೆ ಏಳುತ್ತೇನೆ. ಐದೂವರೆಗೆ ಸ್ನಾನ, ಆರಕ್ಕೆ ಚಹಾ, ಆಮೇಲೆ ಅಂಗಿಗೆ ಇಸ್ತ್ರಿ. ನಿವೃತ್ತನಿಗೆ ಇಸ್ತ್ರಿಯ ಅಂಗಿ ಏಕೆ ಎಂದು ಮನೆಯವರು ನಗುತ್ತಾರೆ. ಬಿಸಿ ಬಟ್ಟೆಯ ವಾಸನೆ ಬಂದೊಡನೆ ನನಗೆ ಜೈಲಿನ ಬೆಳಗು ನೆನಪಾಗುತ್ತದೆ. ಆ ಜೈಲಿನ ಹೆಸರು ಇಲ್ಲಿ ಬೇಡ. ಅಲ್ಲಿ ನಾನು ಜಮಾದಾರನಾಗಿದ್ದೆ. ಕಾವಲುಗಾರರೂ ಗೇಟೂ ನನ್ನ ಕೈಕೆಳಗೆ.

ವಿಚಾರಣೆ ಮುಗಿಯದ ಕೈದಿಗಳು ಸ್ವಂತ ಬಟ್ಟೆ ತೊಡಬಹುದಿತ್ತು, ಮನೆಯ ಊಟ ತರಿಸಿಕೊಳ್ಳಬಹುದಿತ್ತು. ಶಿಕ್ಷೆಯಾದವರಂತೆ ಅವರಿಂದ ಕೆಲಸ ತೆಗೆಯುವಂತಿರಲಿಲ್ಲ. ಕೋರ್ಟಿನ ತಾರೀಕು ಇದ್ದವರು ಬೆಳಿಗ್ಗೆ ಹಿತ್ತಾಳೆಯ ಚರಿಗೆಗೆ ಅಡುಗೆಮನೆಯಿಂದ ಕುದಿಯುವ ನೀರು ಹಾಕಿಸಿಕೊಂಡು, ಕಂಬಳಿಯ ಮೇಲೆ ಅಂಗಿ ಹಾಸಿ, ಚರಿಗೆಯ ತಳದಿಂದ ತೀಡುತ್ತಿದ್ದರು. ಚರಿಗೆ ಒಂದೇ, ಸರದಿಗೆ ಜಗಳ. ಹಿಂದೆ ನಿಂತವರು ಕೂಗುತ್ತಿದ್ದರು:

"ಲಗೂ ಮುಗಸೋ! ಕೋರ್ಟಿಗೆ ಹೊಂಟೀಯೋ, ಕನ್ಯಾ ನೋಡಾಕ ಹೊಂಟೀಯೋ?"

ನಾನು ಎಲ್ಲರನ್ನೂ ಗದರುತ್ತಿದ್ದೆ. ಆ ಗದ್ದಲ ಈಗ ಬೇಕೆನಿಸುತ್ತದೆ.

ಕಮರಿಪೇಟೆಯ ಒಬ್ಬ ಮೆಕ್ಯಾನಿಕ್ ಅಲ್ಲಿದ್ದ. ಕಳವಿನ ಗಾಡಿಗಳನ್ನು ಬಿಚ್ಚಿಕೊಟ್ಟ ಎಂಬ ಆರೋಪ. ಜಾಮೀನಿಗೆ ನಿಲ್ಲುವವರು ಸಿಗದೆ ಒಳಗೇ ಉಳಿದಿದ್ದ. ಅವನ ತಾಯಿ ವಾರಕ್ಕೊಮ್ಮೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ತರುತ್ತಿದ್ದರು. ನಿಯಮದಂತೆ ಪ್ರತಿ ರೊಟ್ಟಿಯನ್ನೂ ನಾನೇ ಮುರಿದು ನೋಡಿ ಒಳಗೆ ಕಳಿಸುತ್ತಿದ್ದೆ.

ಅವನ ತಾರೀಕಿನ ದಿನವೇ ಬೆಳಿಗ್ಗೆ ನೀರಿನ ಪಂಪು ಕೆಟ್ಟಿತು. ತೊಟ್ಟಿ ಬರಿದು. ಅಂಗಿ ತೊಟ್ಟು ನಿಂತಿದ್ದವನನ್ನು ಕರೆದೆ.

"ಜಮಾದಾರ್ರ, ಇವತ್ತ ನನ್ನ ತಾರೀಕ ಐತ್ರಿ."

"ಗೊತ್ತೈತಿ. ಕೋರ್ಟಿನ ಗಾಡಿ ಬರೂದು ಹತ್ತಕ್ಕ. ಇನ್ನೂ ಒಂದ ತಾಸು ಐತಿ, ನೋಡಿಬಿಡು."

ಇಲ್ಲ ಎನ್ನುವ ಹಕ್ಕು ಅವನಿಗಿತ್ತು. ಒಳಗಿರುವವನು ಜಮಾದಾರನಿಗೆ ಹೇಗೆ ಇಲ್ಲ ಎಂದಾನು? ಅಂಗಿ ಕಳಚಿ ಗೂಟಕ್ಕೆ ಹಾಕಿ ಪಂಪು ಬಿಚ್ಚಿದ. ಗಾಡಿ ಬಂದಾಗ ಅವನ ಕೈ ಮೊಣಕೈವರೆಗೆ ಎಣ್ಣೆ. ಪಂಪು ಇನ್ನೂ ಬಿಡಿಬಿಡಿಯಾಗಿ ನೆಲದ ಮೇಲಿತ್ತು. ಕರೆದೊಯ್ಯಲು ಬಂದ ಹವಾಲ್ದಾರ ಅವಸರ ಮಾಡಿದ. ಕೋರ್ಟಿಗೆ ಹೋದವರು ಬರೀ ಮುಂದಿನ ತಾರೀಕು ಹಿಡಿದು ಮರಳುವುದನ್ನು ವರ್ಷಗಟ್ಟಲೆ ನೋಡಿದವ ನಾನು. ಇದೂ ಹಾಗೆಯೇ ಎಂದುಕೊಂಡೆ.

"ಅವನ್ನ ಬಿಡ್ರಿ. ಆರಾಮಿಲ್ಲಂತ ಬರಕೊಳ್ರಿ," ಎಂದೆ.

ಎಷ್ಟೋ ತಾರೀಕು ತಪ್ಪಿಸಿಕೊಂಡಿದ್ದ ಕೊನೆಯ ಸಾಕ್ಷಿ ಅಂದೇ ಕೋರ್ಟಿಗೆ ಬಂದಿದ್ದ. ಆರೋಪಿ ಇಲ್ಲವೆಂದು ಅವನನ್ನು ವಾಪಸು ಕಳಿಸಿದರು. ಪ್ರಕರಣ ಎರಡು ತಿಂಗಳು ಮುಂದಕ್ಕೆ ಹೋಯಿತು.

ಮಧ್ಯಾಹ್ನ ತಾಯಿ ಕೋರ್ಟಿನಿಂದ ನೇರ ಗೇಟಿಗೆ ಬಂದರು. ಮಗ ಪಂಪಿನ ಕೆಲಸದಲ್ಲಿದ್ದನೆಂದು ಕಾವಲುಗಾರರೇ ಅವರಿಗೆ ಹೇಳಿದ್ದರು. ಮಗನಿಗೆಂದು ಒಯ್ದಿದ್ದ ರೊಟ್ಟಿಯ ಗಂಟು ಹಾಗೆಯೇ ಇತ್ತು. ರೂಢಿಯಂತೆ ನಾನು ಕೈ ಚಾಚಿದೆ.

"ರೊಟ್ಟಿ ಒಂದೊಂದ ಮುರದು ನೋಡ್ತೀರಲ್ರಿ ಜಮಾದಾರ್ರ. ನನ್ನ ಮಗನ ತಾರೀಕ ಒಂದ ಸಲ ಹಿಂಗ ನೋಡಿದ್ರ ಏನ್ ಆಗ್ತಿತ್ತು?"

ಸಂಜೆಯ ಎಣಿಕೆ ಮುಗಿಸಿ ಸುಪರಿಂಟೆಂಡೆಂಟರಿಗೆ ಬರೆದುಕೊಟ್ಟೆ: ಆತ ಆರೋಗ್ಯವಾಗಿದ್ದ, ಪಂಪಿಗಾಗಿ ನಾನೇ ತಡೆದೆ. ನನಗೆ ನೋಟಿಸು ಬಂತು, ಬರಬೇಕಾದದ್ದೇ. ಆ ಕಾಗದ ಕೋರ್ಟಿಗೂ ಹೋಗಿ, ಎರಡು ತಿಂಗಳಾಚೆಗಿದ್ದ ತಾರೀಕು ಮುಂದಿನ ವಾರಕ್ಕೇ ಬಂತು.

ಆ ದಿನ ಚರಿಗೆ ಮೊದಲು ಅವನಿಗೇ ಕೊಡಿಸಿದೆ. ಅಂಗಿ ತೊಟ್ಟು ಸಾಲಿನಲ್ಲಿ ನಿಂತವ ಎಲ್ಲರಿಗೂ ಕೇಳುವಂತೆ ಅಂದ:

"ಪಂಪ್ ಛಲೋ ನಡದೈತಿಲ್ರಿ ಜಮಾದಾರ್ರ? ಕೆಟ್ಟಿದ್ರ ಈಗ ಹೇಳಿಬಿಡ್ರಿ!"

ಸಾಲಿಗೆ ಸಾಲೇ ನಕ್ಕಿತು.

"ನೀ ಮೊದಲ ಗಾಡಿ ಹತ್ತಪಾ," ಎಂದೆ.

ಸಾಕ್ಷಿ ಬಂದ. ಗಾಡಿ ಬಿಚ್ಚಿದವ ಇವನಲ್ಲ ಎಂದ. ಕೆಲವೇ ದಿನಗಳಲ್ಲಿ ಖುಲಾಸೆಯಾಯಿತು.

ಮಗನನ್ನು ಕರೆದೊಯ್ಯಲು ಬಂದ ದಿನವೂ ತಾಯಿಯ ಕೈಯಲ್ಲಿ ಗಂಟಿತ್ತು, ಒಳಗಿದ್ದ ಉಳಿದವರಿಗೆಂದು. ನಿಯಮ ನಿಯಮವೇ. ಒಂದೊಂದಾಗಿ ಮುರಿದೆ. ಅವರು ಒಂದು ತುಂಡೆತ್ತಿ ಚಟ್ನಿ ಹಚ್ಚಿ ನನ್ನ ಕೈಗಿಟ್ಟರು.

"ಇಷ್ಟ ದಿನಾ ಬರೇ ಮುರದೀರಿ. ಇವತ್ತ ತಿಂದ ನೋಡ್ರಿ."

ಗೇಟಿನಲ್ಲಿ ನಿಂತು ನಾನು ಏನನ್ನೂ ತಿಂದವನಲ್ಲ. ಅಂದು ನಿಂತಲ್ಲೇ ತಿಂದೆ.