ಸ್ವಿಚ್ಚಿನ ಮೇಲಿನ ಕೈ

ನಮ್ಮ ಊರಾದ ಬೇ ಸಿಟಿಯಲ್ಲಿ ಕಾರಿನ ಬಾಗಿಲಿಗೆ ತಗಡು ಒತ್ತುವ ಕಾರ್ಖಾನೆಯೊಂದಿತ್ತು. ವರ್ನಾ ಕೊಜಾಕ್ ಅಲ್ಲಿ ಇಪ್ಪತ್ತಾರು ವರ್ಷ ದುಡಿದಳು. ತಗಡು ಒತ್ತುವ ಪ್ರೆಸ್ಸಿನ ಕೆಂಪು ಸ್ವಿಚ್ಚಿನ ಪಕ್ಕ ನಿಂತು, ಏನಾದರೂ ಎಡವಟ್ಟಾದರೆ ಯಂತ್ರ ನಿಲ್ಲಿಸುವುದು ಅವಳ ಕೆಲಸ. ಒಂದು ದಿನ ಅದೇ ಪ್ರೆಸ್ಸಿನಲ್ಲಿ ದುಡಿಯುತ್ತಿದ್ದ ಓಡೆಲ್‌ನ ಎಡಗೈ ಒಳಗೆ ಸಿಕ್ಕಿತು. ವರ್ನಾ ಸ್ವಿಚ್ ಒತ್ತಿದಳು. ಮೂರು ಬೆರಳು ಹೋದವು.

ತಾನು ತಡ ಮಾಡಿದೆ ಎಂಬ ಭಯ ಅಂದೇ ಅವಳ ಮೈಗೆ ಹತ್ತಿತು. ಆಮೇಲೆ ಮನೆಯ ಬಟ್ಟೆ ಒಗೆಯುವ ಯಂತ್ರ ಸ್ವಲ್ಪ ಗಡಗಡ ಎಂದರೂ ಪ್ಲಗ್ ಕೀಳುವಳು. ಓಡೆಲ್ ಎದುರಿಗೆ ಬಂದರೆ ರಸ್ತೆ ದಾಟುವಳು. ಪಕ್ಕದ ಮನೆಯವನಾದ ನಾನು ಇದನ್ನು ನೋಡಿ ಎಷ್ಟೋ ಸಲ ನಕ್ಕಿದ್ದೇನೆ. ನಗಬಾರದಿತ್ತು.

ಕಾರ್ಖಾನೆ ಮುಚ್ಚಿತು. ಐವತ್ತೈದನೇ ವಯಸ್ಸಿನಲ್ಲಿ ವರ್ನಾ ಕಾಲೇಜಿಗೆ ಹೋಗಿ, ಪ್ರೆಸ್ಸಿನ ಅಚ್ಚುಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬಿಡಿಸುವುದನ್ನು ಕಲಿತಳು. ಎರಡು ವರ್ಷ ಕೆಲಸಕ್ಕೆ ಅರ್ಜಿ ಹಾಕಿದ ಮೇಲೆ ಒಂದೇ ಒಂದು ಕಡೆಯಿಂದ ಕರೆ ಬಂತು. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಮನೆಯಿಂದಲೇ ಕಂಪ್ಯೂಟರಿನಲ್ಲಿ ಪರೀಕ್ಷೆ. ಹನ್ನೆರಡೂ ಕಾಲರೊಳಗೆ ಸೇರದವರಿಗೆ ಬಾಗಿಲು ಬಂದ್. ಅಷ್ಟರಲ್ಲಿ ಅವಳ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ನಕ್ಷೆಯ ಸಾಮಗ್ರಿಯೆಲ್ಲ ಇದ್ದ ಡಿಸ್ಕ್ ಮಾತ್ರ ಉಳಿಯಿತು. ಬಿಡಿ ಭಾಗಗಳನ್ನು ತರಿಸಿ, ಆ ಡಿಸ್ಕನ್ನೇ ಸೇರಿಸಿ, ತಾನೇ ಹೊಸದನ್ನು ಜೋಡಿಸಿದಳು. ಕೊನೆಯ ಭಾಗವಾದ ಮೆಮೊರಿ ಪಟ್ಟಿ ಕೈಸೇರಿದ್ದು ಗುರುವಾರ ಬೆಳಿಗ್ಗೆ.

ಹತ್ತು ಗಂಟೆಗೆ ನನ್ನನ್ನು ಕರೆದಳು. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಒಳಗೆ ಕಿತ್ತಳೆ ಬಣ್ಣದ ಸಣ್ಣ ದೀಪ ಹೊತ್ತಿಕೊಳ್ಳುತ್ತದೆ, ಪರದೆ ಮಾತ್ರ ಕಪ್ಪು. ಸುಟ್ಟ ವಾಸನೆ ಬರುತ್ತಿದೆಯೇ ಎಂದು ಮತ್ತೆ ಮತ್ತೆ ಕೇಳಿದಳು. ಬರುತ್ತಿರಲಿಲ್ಲ. ಆದರೂ ಅರ್ಧ ನಿಮಿಷ ಕಳೆಯುವುದರೊಳಗೆ ಅವಳ ಕೈ ತಾನಾಗಿ ಹೋಗಿ ಹಿಂಬದಿಯ ಸ್ವಿಚ್ ಆರಿಸುತ್ತಿತ್ತು. ಮೆಮೊರಿ ಪಟ್ಟಿ ಕಿತ್ತು ಮತ್ತೆ ಹಾಕು ಎಂದು ನಾನು ಬುದ್ಧಿವಂತನಂತೆ ಹೇಳಿದೆ. ನನಗೆ ತಿಳಿದಿದ್ದೇ ಅಷ್ಟು. ಅವಳು ಕಿತ್ತಳು, ಹಾಕಿದಳು, ಹೊತ್ತಿಸಿದಳು, ಆರಿಸಿದಳು. ಹೀಗೇ ಹನ್ನೊಂದೂವರೆಯಾಯಿತು. ಅವಳ ಕೈಯಿಂದ ತಿರುಪುಮೊಳೆಗಳು ಜಮಖಾನೆಯ ಮೇಲೆ ಉದುರತೊಡಗಿದವು. ನಾನು ಅವಳನ್ನು ಕೇಳದೆಯೇ ಓಡೆಲ್‌ಗೆ ಫೋನ್ ಮಾಡಿದೆ. ಕಾರ್ಮಿಕರ ಯೂನಿಯನ್ ಕಚೇರಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅವನೇ.

ಅವನು ಬಾಗಿಲಲ್ಲಿ ಕಂಡೊಡನೆ ವರ್ನಾ ಗೋಡೆಗೆ ಸರಿದಳು. ಅವನು ಯಂತ್ರದ ಕಡೆ ನೋಡಲೂ ಇಲ್ಲ. ನಾನು ಡಬ್ಬದ ಜೊತೆ ಮೂಲೆಗೆಸೆದಿದ್ದ ಸೂಚನಾ ಪುಸ್ತಿಕೆ ಎತ್ತಿಕೊಂಡು, ಕನ್ನಡಕ ಹಾಕಿ, ಸಾವಕಾಶವಾಗಿ ಓದಿದ. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಅವನು ಕೇಳಿದ್ದು ಒಂದೇ: ಹೊತ್ತಿಸಿದ ಮೇಲೆ ಎಷ್ಟು ಹೊತ್ತು ಬಿಟ್ಟಿರಿ?

ಅರ್ಧ ನಿಮಿಷ ಎಂದೆ ನಾನು.

"ಮೊದಲನೇ ಸಲ ಇದು ತನ್ನ ಮೆಮೊರಿನ ತಾನೇ ಪರೀಕ್ಷೆ ಮಾಡ್ಕೊಳ್ಳುತ್ತಂತೆ. ಕಾಲು ಗಂಟೆ ಬೇಕಾದ್ರೂ ಆಗುತ್ತೆ, ಅಲ್ಲೀವರೆಗೂ ಪರದೆ ಕಪ್ಪಗೇ ಇರುತ್ತಂತೆ. ನಡುವೆ ಆರಿಸಿದ್ರೆ ಮತ್ತೆ ಮೊದಲಿಂದ," ಎಂದ. "ನಿಮ್ಮಿಬ್ಬರಿಗಿಂತ ಇದಕ್ಕೇ ತಾಳ್ಮೆ ಜಾಸ್ತಿ."

ಹನ್ನೊಂದು ಐವತ್ತಕ್ಕೆ ಹೊತ್ತಿಸಿದೆವು. ಫ್ಯಾನ್, ಕಿತ್ತಳೆ ದೀಪ, ಕಪ್ಪು ಪರದೆ. ಒಂದು ನಿಮಿಷಕ್ಕೇ ವರ್ನಾಳ ಕೈ ಹಿಂದಕ್ಕೆ ಹೋಯಿತು. ಓಡೆಲ್ ಕುರ್ಚಿ ಎಳೆದು ಕುಳಿತು, ತನ್ನ ಎಡಗೈಯನ್ನು, ಹೆಬ್ಬೆರಳು ಕಿರುಬೆರಳು ಮಾತ್ರ ಉಳಿದಿದ್ದ ಆ ಕೈಯನ್ನು, ಸ್ವಿಚ್ಚಿನ ಮೇಲೆ ಮುಚ್ಚಿಟ್ಟ. ಅವಳು ಕೈ ಹಿಂದೆಗೆದುಕೊಂಡಳು.

ಹನ್ನೆರಡು ಹೊಡೆಯಿತು. ಹನ್ನೆರಡು ಐದು. ಇದ್ದಕ್ಕಿದ್ದಂತೆ ಫ್ಯಾನ್ ನಿಂತಿತು, ದೀಪ ಆರಿತು. ವರ್ನಾಳ ಕೈ ಹಾರಿ ಹೋಗಿ ಓಡೆಲ್‌ನ ಕೈಯ ಮೇಲೆ ಬಿತ್ತು. ಅವನು ಅಲುಗಲಿಲ್ಲ.

"ಹೋಯ್ತು," ಎಂದಳು. "ಮತ್ತೆ ತಡ ಮಾಡ್ದೆ."

"ಯಾವತ್ತು ತಡ ಮಾಡ್ದೆ ನೀನು?" ಓಡೆಲ್‌ನ ದನಿ ಏರಲಿಲ್ಲ. "ಮೂರು ಬೆರಳಿಗೇ ಮುಗೀತಲ್ಲ, ಅದು ನಿನ್ನಿಂದ. ಇಲ್ಲಾಂದ್ರೆ ಈಗ ಇಲ್ಲಿಡೋಕೆ ನಂಗೆ ಕೈ ಎಲ್ಲಿರ್ತಿತ್ತು? ಹನ್ನೊಂದು ವರ್ಷದಿಂದ ಹೇಳೋಣ ಅಂತಿದ್ದೆ, ನೀನು ರಸ್ತೆ ದಾಟಿಬಿಡ್ತೀಯ."

ಪರೀಕ್ಷೆ ಮುಗಿಸಿದ ಯಂತ್ರ ತಾನಾಗಿ ಮತ್ತೆ ಹೊತ್ತಿಕೊಂಡಿತು, ಫ್ಯಾನ್ ತಿರುಗಿತು. ಪರದೆಯಲ್ಲಿ ಬೆಳಕು ಮೂಡಿತು. ಹನ್ನೆರಡು ಎಂಟಕ್ಕೆ ಅದು ಪಾಸ್‌ವರ್ಡ್ ಕೇಳಿತು.

ವರ್ನಾ ಆಗಲೂ ಅವನ ಕೈ ಬಿಟ್ಟಿರಲಿಲ್ಲ. ಒಂದೇ ಕೈಯಲ್ಲಿ ಎರಡು ಸಲ ತಪ್ಪು ಹೊಡೆದಳು. ಹನ್ನೆರಡು ಹತ್ತಕ್ಕೆ, ಮೂರನೆಯ ಸಲ, ಸರಿಯಾಗಿ ಹೊಡೆದು ಪರೀಕ್ಷೆಗೆ ಸೇರಲು ಎರಡೂ ಕೈ ಬೇಕಾದವು.