ಎಡಗೈ ಇಳಿಸದ ದಿನ

ನನಗೆ ಕಾಯುವುದು ಬರುವುದಿಲ್ಲ. ಬಸ್ಸು ಹತ್ತು ನಿಮಿಷ ತಡವಾದರೆ ನಡೆದೇ ಹೊರಡುವವಳು ನಾನು, ಅನ್ನ ಬೇಯುವಷ್ಟರಲ್ಲಿ ನಾಲ್ಕು ಸಲ ಮುಚ್ಚಳ ತೆಗೆದು ನೋಡುವವಳು. ಅಂಥವಳನ್ನು ಅವ್ವ ಒಂದಿಡೀ ದಿನ ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕೂರುವಂತೆ ಮಾಡಿದಳು. ಫ್ಯಾಕ್ಟರಿಯ ಗೆಳತಿಯರಿಗೆ ಹೇಳಿದರೆ ಇವತ್ತಿಗೂ ನಂಬುವುದಿಲ್ಲ.

ಆಗ ನಾವು ಮಡ್ಕಯಿಯಲ್ಲಿದ್ದೆವು. ಕಾರ್ಖಾನೆಗಳ ಹಿಂದೆ ಒಂದು ಬಾಡಿಗೆ ಕೋಣೆ, ಅದರಲ್ಲಿ ಅವ್ವ ಮತ್ತು ನಾನು ಇಬ್ಬರೇ. ನಾನು ಪ್ಲಾಸ್ಟಿಕ್ ಡಬ್ಬಿ ಮಾಡುವ ಮಷಿನಿನ ಮುಂದೆ ನಿಲ್ಲುತ್ತಿದ್ದೆ, ಅವ್ವ ಎರಡು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅದಕ್ಕೂ ಮೊದಲು ಅಪ್ಪನೊಂದಿಗೆ ಮಡಗಾಂವಿನ ಮೋತಿ ಡೊಂಗರ್ ಗುಡ್ಡದ ಮೇಲಿದ್ದೆವು. ಅಪ್ಪ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ಎಂದಿನಂತೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಹೋದವನು ಮೂರನೇ ಮಹಡಿಯಿಂದ ಬಿದ್ದ. ಊರಿಗೆ ಒಯ್ದು ಮಣ್ಣು ಮಾಡಿದೆವು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಬದುಕಿದ್ದಷ್ಟು ದಿನ ಅವರು ಕೊರಳಲ್ಲಿ ಕಟ್ಟಿಕೊಂಡಿದ್ದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣಿಗಿಡುತ್ತಾರೆ. ಅಪ್ಪನ ಬೆರಳುಗಳು ಮಡಚುತ್ತಿರಲಿಲ್ಲ. ಲಿಂಗ ಜಾರದಿರಲಿ ಎಂದು ಯಾರೋ ಬಟ್ಟೆ ಸುತ್ತಿದರು.

ವಾಪಸ್ ಬಂದ ಮೇಲೆ ನಾನು ನನ್ನ ಲಿಂಗವನ್ನು ಕೊರಳಿಂದ ಬಿಚ್ಚಿ ಒಂದು ತಗಡಿನ ಡಬ್ಬಿಗೆ ಹಾಕಿದೆ. ಕೇಳಿದವರಿಗೆ ಫ್ಯಾಕ್ಟರಿಯ ನೆಪ ಹೇಳಿದೆ. ಮಷಿನಿನ ಮುಂದೆ ಕೊರಳಲ್ಲಿ ಏನೂ ನೇತಾಡಬಾರದೆಂದು ಸೂಪರ್‌ವೈಸರ್ ಹೇಳಿದ್ದು ನಿಜವೇ. ಆದರೆ ನಮ್ಮ ಕಡೆಯ ಬೇರೆ ಹೆಂಗಸರು ಕುಪ್ಪಸದೊಳಗೆ ಬಿಗಿಯಾಗಿ ಕಟ್ಟಿಕೊಂಡು ಬರುತ್ತಿದ್ದರು. ನನಗೆ ಇದ್ದದ್ದು ಸಿಟ್ಟು. ಪೂಜೆ ಮಾಡಿ ಹೋದವನನ್ನೇ ಕಾಯದ ದೇವರಿಗೆ ದಿನಾ ನೀರೆರೆಯಲು ನನಗೇನು ತಲೆ ಕೆಟ್ಟಿದೆಯೇ ಎಂದು ಅವ್ವನ ಮುಖಕ್ಕೇ ಹೇಳಿದೆ. ಅವ್ವ ಡಬ್ಬಿಯನ್ನು ಎತ್ತಿ ಹಲಗೆಯ ಮೇಲೆ ಅಕ್ಕಿ ಡಬ್ಬಿಯ ಪಕ್ಕ ಇಟ್ಟಳು.

ಅವ್ವನ ಪೂಜೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಬೆಳಕು ಹರಿಯುವ ಮೊದಲೇ ಮನೆ ಮಾಲಕಿಯ ಬಾವಿಯಿಂದ ನೀರು ಸೇದಿ ಮಿಂದು, ಗೋಡೆಯ ಕಡೆ ಮುಖ ಮಾಡಿ ಕೂರುವಳು. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿರುವಳು. ನನಗೆ ಕಾಣುತ್ತಿದ್ದದ್ದು ಅವಳ ಬೆನ್ನು. ನಾನು ಬೇಕೆಂದೇ ಪಾತ್ರೆ ಕುಕ್ಕುತ್ತಿದ್ದೆ. ಮೋತಿ ಡೊಂಗರ್‌ನಲ್ಲಿ ಕಾಲು ಗಂಟೆಗೆ ಮುಗಿಯುತ್ತಿದ್ದ ಪೂಜೆ ಇಲ್ಲಿ ಅರ್ಧ ಗಂಟೆಗೆ ಬಂತು. ಅಪ್ಪ ಹೋದ ಮೇಲೆ ಇವಳಿಗೆ ದೇವರ ಹುಚ್ಚು ಹೆಚ್ಚಾಗಿದೆ ಎಂದುಕೊಂಡೆ. ನಿನ್ನ ದೇವರಿಂದ ನನ್ನ ಚಹಾ ತಡವಾಗುತ್ತದೆ ಎಂದು ದಿನಾ ಗೊಣಗುತ್ತಿದ್ದೆ.

ಹೀಗೆ ಎರಡು ವರ್ಷ ಕಳೆದಿರಬೇಕು. ಅವ್ವನ ಹೊಟ್ಟೆ ಊದತೊಡಗಿತು. ಗ್ಯಾಸು ಎಂದು ಓಮಿನ ಕಾಳು ತಿಂದಳು. ಊಟ ಸೇರದಾದಾಗ ನಾನೇ ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಒಳಗೆ ಗಡ್ಡೆ ಇದೆ, ತೆರೆದು ನೋಡದೆ ಎಂಥದ್ದೆಂದು ಹೇಳಲಾಗದು, ತಡ ಮಾಡಬೇಡಿ ಎಂದು ಡಾಕ್ಟರು ಹಿಂದಿಯಲ್ಲಿ ಹೇಳಿದರು. ಏನಂದರು ಎಂದು ಅವ್ವ ಕೇಳಿದಾಗ ಸಣ್ಣ ಆಪರೇಷನ್ ಎಂದೆ.

ಆಪರೇಷನ್‌ಗೆ ಗೊತ್ತುಮಾಡಿದ ದಿನ ಅವ್ವ ಆಪರೇಷನ್ ಕೋಣೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಮೈಮೇಲೆ ಏನೂ ಇರಬಾರದೆಂದು ಸಿಸ್ಟರ್ ಹೇಳಿದಾಗ ಬಳೆ ತೆಗೆದಳು, ಮೂಗುತಿ ತೆಗೆದಳು. ಸಿಸ್ಟರ್ ಲಿಂಗಕ್ಕೆ ಕೈ ಹಾಕಿದಾಗ ಎದ್ದು ಕೂತುಬಿಟ್ಟಳು.

"ಇದನ್ನ ಬಿಟ್ಟು ಒಂದು ಗಳಿಗಿನೂ ಇರಾಂಗಿಲ್ಲ," ಎಂದಳು ನನಗೆ. "ಹೋಗೂದಿದ್ದರ ಇದರ ಜೋಡೀನ ಹೋಗತೇನಿ."

ನಾನು ಅತ್ತೆ, ಬೈದೆ, ಕಾಲು ಹಿಡಿದೆ. ಅಪ್ಪನ ಕೊರಳಲ್ಲೂ ಲಿಂಗ ಇತ್ತಲ್ಲ, ಏನು ಮಾಡಿತು ಎಂದು ಕೇಳಬಾರದ್ದನ್ನೂ ಕೇಳಿದೆ. ಅವ್ವ ಸೀರೆ ಸರಿ ಮಾಡಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಆಪರೇಷನ್‌ಗೆ ಇನ್ನೊಂದು ದಿನ ಸಿಕ್ಕಿದ್ದು ಮೂರು ವಾರದ ನಂತರ.

ಆ ಮೂರು ವಾರ ನಾನು ಮನುಷ್ಯಳಾಗಿರಲಿಲ್ಲ. ಫ್ಯಾಕ್ಟರಿಯಲ್ಲಿ ಸೀಳು ಬಿಟ್ಟ ಡಬ್ಬಿಗಳನ್ನು ಒಳ್ಳೆಯ ರಾಶಿಗೆ ಹಾಕಿ ಬೈಸಿಕೊಂಡೆ. ಆಗ ಕೈಗೆ ಹೊಸದಾಗಿ ಮೊಬೈಲ್ ಬಂದಿತ್ತು. ಅದು ಗುಂಯ್ ಎಂದರೆ ಸಾಕು, ಅವ್ವ ಕುಸಿದು ಬಿದ್ದಿರಬೇಕೆಂದು ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬೆಳಿಗ್ಗೆ ಪಾತ್ರೆ ಕುಕ್ಕುವುದನ್ನು ಬಿಟ್ಟೆ. ಪೂಜೆಗೆ ಕೂತ ಅವಳ ಬೆನ್ನು ಒಂದು ಕಡೆ ವಾಲುತ್ತಿದೆಯೇ ಎಂದು ನೋಡುತ್ತ ನಿಲ್ಲುತ್ತಿದ್ದೆ. ನೋವು ಬಂದಾಗ ಬೆನ್ನು ಬಿಲ್ಲಿನಂತೆ ಬಾಗುತ್ತಿತ್ತು. ಆದರೂ ಪೂಜೆ ಅರ್ಧ ಗಂಟೆಗಿಂತ ಒಂದು ನಿಮಿಷ ಕಡಿಮೆಯಾಗಲಿಲ್ಲ.

ಎರಡನೇ ಸಲ ಹೋದಾಗ ಕಾಗದಗಳಿಗೆ ಸಹಿ ಮಾಡಲು ನನ್ನನ್ನು ಬೇರೆ ಕೋಣೆಗೆ ಕಳಿಸಿದರು. ಏನಾದರೂ ಆದರೆ ನಾವು ಹೊಣೆಯಲ್ಲ ಎಂಬ ಸಾಲಿನ ಕೆಳಗೆ ನನ್ನ ಹೆಸರು ಬರೆದೆ. ಬರೆಯುವಾಗ ಒಂದಕ್ಷರ ತಪ್ಪಿತು. ತಿರುಗಿ ಬರುವಷ್ಟರಲ್ಲಿ ಅವ್ವ ಹಸಿರು ಅಂಗಿ ತೊಟ್ಟು ಗಾಲಿ ಮಂಚದ ಮೇಲೆ ಮಲಗಿದ್ದಳು. ಕೊರಳು ಬರಿದಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ನನ್ನ ಎಡಗೈ ಹಿಡಿದು ಎಳೆದು, ಅಂಗೈಯಲ್ಲಿ ಲಿಂಗವನ್ನಿಟ್ಟಳು.

"ಹಿಡಿ. ನಾ ಎಚ್ಚರಾಗೂತನಕ ಕೈ ಕೆಳಗ ಇಳಿಸಬ್ಯಾಡ."

ಒಂದೊಂದಾಗಿ ನನ್ನ ಬೆರಳುಗಳನ್ನು ಅವಳೇ ಮಡಚಿದಳು. ನನಗೆ ಅಪ್ಪನ ಬೆರಳು ನೆನಪಾಯಿತು. ಅಷ್ಟರಲ್ಲಿ ಮಂಚವನ್ನು ಒಳಗೆ ತಳ್ಳಿಕೊಂಡು ಹೋದರು. ಕೊನೆಗೂ ಒಪ್ಪಿದಳಲ್ಲ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಪ್ರಾಣಕ್ಕಿಂತ ಹೆಚ್ಚೆಂದು ಹಿಡಿದುಕೊಂಡಿದ್ದನ್ನು ಬಿಟ್ಟುಕೊಟ್ಟಿದ್ದಾಳೆಂದರೆ ಉಳಿಯುವ ಆಸೆಯನ್ನೂ ಬಿಟ್ಟಿದ್ದಾಳೆ ಎನಿಸಿತು.

ಬೆಂಚಿನ ಮೇಲೆ ಕೂತೆ. ಮೊದಲ ಅರ್ಧ ಗಂಟೆ ಏನೂ ಅನಿಸಲಿಲ್ಲ. ಆಮೇಲೆ ಭುಜ ಹಿಡಿಯಿತು, ಮೊಣಕೈ ಜೋಮು ಹಿಡಿಯಿತು, ಅಂಗೈ ಬೆವರಿತು. ಲಿಂಗ ಜಾರಿ ಬಿದ್ದರೆ ಒಳಗೆ ಅವ್ವನ ಉಸಿರು ನಿಲ್ಲುತ್ತದೆ ಎಂದು ಯಾರೂ ಹೇಳಿರಲಿಲ್ಲ, ನಾನೇ ನಿರ್ಧರಿಸಿಬಿಟ್ಟೆ. ಪಕ್ಕದಲ್ಲಿದ್ದ ಕೊಂಕಣಿ ಹೆಂಗಸು ಪಾವ್ ಕೊಡಲು ಬಂದಳು. ಬೇಡವೆಂದೆ. ಹೆಬ್ಬೆರಳು ಲಿಂಗದ ಅಂಚನ್ನು ಸವರುತ್ತಲೇ ಇತ್ತು. ಒಂದು ಕಡೆ ಸಣ್ಣ ತಗ್ಗಿತ್ತು. ಅವ್ವನಂತೆ ಇದಕ್ಕೂ ವಯಸ್ಸಾಗಿದೆ ಎಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಸಿಸ್ಟರ್ ಓಡಿಬಂದು ಇನ್ನೊಂದು ಬಾಟಲಿ ರಕ್ತ ಬೇಕು, ಕೆಳಗಿನಿಂದ ತಾ ಎಂದಳು. ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದೆ. ರಕ್ತ ಕೊಡುವವನು ಎರಡೂ ಕೈಯಿಂದ ಹಿಡಿದುಕೊಳ್ಳಲು ಹೇಳಿದ. ಆಗುವುದಿಲ್ಲ ಎಂದೆ. ಕೈಗೆ ಏನಾಗಿದೆ ಎಂದು ಕೇಳಿದ. ಮುರಿದಿದೆ ಎಂದು ಸುಳ್ಳು ಹೇಳಿದೆ. ಅವನು ಪಾಪ, ರಕ್ತದ ಬಾಟಲಿಯನ್ನು ತಾನೇ ಮೇಲಿನವರೆಗೆ ತಂದುಕೊಟ್ಟ.

ಅದಾದ ಮೇಲೆ ಬಾಗಿಲು ಎಷ್ಟೋ ಹೊತ್ತು ತೆರೆಯಲಿಲ್ಲ. ರಕ್ತ ಸಾಲದಷ್ಟು ಏನಾಯಿತು ಎಂದು ಹೇಳುವವರಿಲ್ಲ. ನನ್ನ ತಲೆ ಕೆಟ್ಟುಹೋಯಿತು. ಮುಷ್ಟಿ ಬಿಚ್ಚಿ ಲಿಂಗವನ್ನು ನೋಡಿದೆ, ಎರಡು ವರ್ಷದ ನಂತರ ಮೊದಲ ಸಲ. ನೋಡಿದ್ದೇ ತಡ, ಬಾಯಿಗೆ ಬಂದಂತೆ ಬೈಯತೊಡಗಿದೆ. ಅಪ್ಪನ ಲೆಕ್ಕ ಮೊದಲು ಕೇಳಿದೆ. ಅವನು ಬೀಳುವಾಗ ನೀನೆಲ್ಲಿದ್ದೆ, ಅವನ ಎದೆಯ ಮೇಲೇ ಇದ್ದೆಯಲ್ಲ ಎಂದೆ. ಇವಳನ್ನೂ ಒಯ್ದರೆ ನಿನ್ನನ್ನು ಮಡ್ಕಯಿಯ ಬಾವಿಗೆ ಎಸೆಯುತ್ತೇನೆ ಎಂದೆ. ಬೈದು ಬೈದು ಸಾಕಾದಾಗ ಬೇಡಿಕೊಂಡೆ. ಬೇಡಿಕೊಳ್ಳುವುದು ಮರೆತುಹೋಗಿತ್ತು, ಅವ್ವನನ್ನು ಬಿಡು, ಅವ್ವನನ್ನು ಬಿಡು ಎಂದಷ್ಟೇ ಅನ್ನುತ್ತಿದ್ದೆ. ಕೊಂಕಣಿ ಹೆಂಗಸು ಸ್ವಲ್ಪ ದೂರ ಸರಿದು ಕೂತಳು.

ಸಂಜೆಗೆ ಡಾಕ್ಟರು ಹೊರಗೆ ಬಂದರು. ಗಡ್ಡೆ ತೆಗೆದಿದ್ದೇವೆ, ಪರೀಕ್ಷೆಗೆ ಕಳಿಸಿದ್ದೇವೆ, ವರದಿ ಬರಲು ಹತ್ತು ದಿನ ಬೇಕು ಎಂದರು. ವರದಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಈಗ ಹೇಳಬಲ್ಲೆ. ಆ ದಿನ ಗೊತ್ತಿರಲಿಲ್ಲ. ಅವ್ವನನ್ನು ವಾರ್ಡಿಗೆ ತಂದಾಗ ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು, ಎಚ್ಚರವಿರಲಿಲ್ಲ. ಎಚ್ಚರವಾಗುವ ತನಕ ಎಂದಿದ್ದಳಲ್ಲ, ಕೈ ಇಳಿಸಲು ಧೈರ್ಯ ಬರಲಿಲ್ಲ. ದುಪಟ್ಟಾವನ್ನು ಕೊರಳಿಗೆ ಜೋಲಿಯಂತೆ ಕಟ್ಟಿಕೊಂಡು ಅದರಲ್ಲಿ ಕೈಯಿಟ್ಟು ಕೂತೆ. ಈಗ ನಿಜಕ್ಕೂ ಕೈ ಮುರಿದವಳಂತೆ ಕಾಣುತ್ತಿದ್ದೆ.

ಬೆಳಿಗ್ಗೆ, ಚಹಾ ಮಾರುವವನ ಹತ್ತಿರ ಒಂದು ಲೋಟ ತೆಗೆದುಕೊಂಡು ಬರುವಷ್ಟರಲ್ಲಿ ಅವ್ವ ಕಣ್ಣು ಬಿಟ್ಟಿದ್ದಳು. ಲೋಟ ಕೆಳಗಿಟ್ಟು ಮುಷ್ಟಿ ಬಿಚ್ಚಿದೆ.

"ತಗೋ ಅವ್ವ, ನಿಂದು. ಇಳಿಸಿಲ್ಲ."

ಅವ್ವ ನಿಧಾನಕ್ಕೆ ಬಲಗೈಯಿಂದ ಅಂಗಿಯ ಎಡ ತೋಳನ್ನು ಮೇಲೆ ಸರಿಸಿದಳು. ರಟ್ಟೆಗೆ ಬಿಳಿ ಪಟ್ಟಿ ಅಂಟಿಸಿದ್ದರು, ಅದರಡಿ ದುಂಡಗೆ ಉಬ್ಬಿತ್ತು. ನಾನು ಸಹಿ ಮಾಡಲು ಹೋಗಿದ್ದಾಗ ಅವ್ವ ಸಿಸ್ಟರಿನ ಕೈಕಾಲು ಹಿಡಿದು, ತನ್ನ ಲಿಂಗವನ್ನು ರಟ್ಟೆಗೇ ಅಂಟಿಸಲು ಒಪ್ಪಿಸಿಕೊಂಡಿದ್ದಳಂತೆ.

"ನಂದು ನನ್ನ ಹತ್ರನ ಐತಿ," ಎಂದಳು. "ಅದು ನಿಂದು."

ನಾನು ಅಂಚಿನ ತಗ್ಗನ್ನು ನೋಡಿದೆ. ಮೂರನೇ ತರಗತಿಯಲ್ಲಿದ್ದಾಗ ದಾರ ಹರಿದು, ಬಚ್ಚಲ ಕಲ್ಲಿನ ಮೇಲೆ ಬಿದ್ದು ಆದ ತಗ್ಗು. ಎರಡು ವರ್ಷದಿಂದ ಅವ್ವ ಅದನ್ನು ದಿನಾ ಬೆಳಿಗ್ಗೆ ಡಬ್ಬಿಯಿಂದ ತೆಗೆದು, ತನ್ನದರ ಪೂಜೆಯಾದ ಮೇಲೆ ನನ್ನದನ್ನೂ ಮಾಡಿ ಮತ್ತೆ ಡಬ್ಬಿಗೆ ಸೇರಿಸುತ್ತಿದ್ದಳಂತೆ; ಆಸ್ಪತ್ರೆಗೂ ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದಳಂತೆ. ಹಾಗೆ ಇನ್ನೊಬ್ಬರದನ್ನು ಮಾಡಬಾರದೆಂದು ಹಿರಿಯರು ಹೇಳುವುದು ತನಗೂ ಗೊತ್ತು, ಆದರೆ ನೀನು ಕೇಳುವ ತನಕ ಅದು ಉಪವಾಸ ಇರಬೇಕೇ ಎಂದಳು. ನಾನು ಗೊಣಗಿದ ಕಾಲು ಗಂಟೆ ನನ್ನದೇ ಆಗಿತ್ತು.

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಜಗಳಕ್ಕೇ ನಿಂತೆ.

"ಖಾಲಿ ಕೈಲೆ ಕುಂತಿದ್ದರ ನೀ ನನ್ನ ವಿಚಾರ ಮಾಡಿ ಮಾಡಿ ಸಾಯತಿದ್ದಿ," ಎಂದಳು. "ನಿಂದು ಅಂದಿದ್ದರ ಹಿಡೀತಿದ್ದೇನು?"

ದಿನವಿಡೀ ಅದನ್ನು ಬೈದಿದ್ದೇನೆ, ಬಾವಿಗೆ ಎಸೆಯುತ್ತೇನೆಂದೂ ಹೇಳಿದ್ದೇನೆ ಎಂದು ಒಪ್ಪಿಕೊಂಡೆ. ಹೇಳುತ್ತ ಅಳು ಬಂತು.

"ಬೈಯಾಕರ ಒಬ್ಬರು ಬೇಕಲ್ಲ," ಎಂದಳು ಅವ್ವ.

ಅವಳ ಎಡ ಮುಂಗೈಗೆ ಸೂಜಿ ಚುಚ್ಚಿ ಕೊಳವೆ ಹಾಕಿದ್ದರು. ಅಂಗೈ ಎತ್ತುವಂತಿರಲಿಲ್ಲ. ರಟ್ಟೆಯ ಪಟ್ಟಿ ಬಿಡಿಸಲು ಹೇಳಿದಳು. ವರದಿ ಬರುವ ತನಕ ತನ್ನದರ ಪೂಜೆಯನ್ನೂ ನಾನೇ ಮಾಡಬೇಕಂತೆ. ನಲ್ಲಿಯಲ್ಲಿ ಕೈ ತೊಳೆದುಕೊಂಡು, ಒಂದು ಲೋಟ ನೀರು ತಂದು, ಮಂಚದ ಪಕ್ಕ ಗೋಡೆಯ ಕಡೆ ಮುಖ ಮಾಡಿ ಕೂತೆ. ಅಂಗೈಯಲ್ಲಿ ಎರಡು ಲಿಂಗ. ನೀರು ಹಾಕುವಾಗ ಅರ್ಧ ನೆಲಕ್ಕೆ ಚೆಲ್ಲಿತು. ಹತ್ತು ದಿನ, ಹತ್ತು ದಿನ ಎಂದು ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ.

ಹಿಂದಿನಿಂದ ಅವ್ವ, "ಲಗೂನ ಮುಗಸು," ಎಂದಳು. "ನಿನ್ನ ಚಹಾ ಆರಾಕತ್ತೈತಿ."